ಬಾಗಿಲಂಚಿನ ನಂಬರು

ಆಸ್ಪತ್ರೆಯ ಹಾಸುಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ತನ್ನದೇ ವ್ಯಾನಿನಲ್ಲಿ ತಲುಪಿಸುವ ಆಕೆಯನ್ನು ಬೀದಿಯವರೆಲ್ಲ ಲಾಂಡ್ರಿ ಅಕ್ಕ ಎನ್ನುತ್ತಿದ್ದರು. ಇನ್ನೊಮ್ಮೆ ತಡವಾದರೆ ಕೆಲಸ ಬೇರೆಯವರ ಪಾಲು ಎಂದು ವಾರ್ಡಿನ ಮೇಲ್ವಿಚಾರಕಿ ಖಡಾಖಂಡಿತವಾಗಿ ತಿಳಿಸಿದ್ದಳು. ಅದರ ಮರುದಿನವೇ ವ್ಯಾನಿನ ಬ್ರೇಕ್ ಕೈಕೊಟ್ಟಿತು.

ಬಿಡಿಭಾಗದ ಅಂಗಡಿಯವನು ಚಾಸಿಸ್ ನಂಬರ್ ಇಲ್ಲದೆ ಏನನ್ನೂ ಕೊಡುವವನಲ್ಲ. ವ್ಯಾನಿನ ಕಾಗದಗಳು ವಿಮಾ ಕಚೇರಿಯಲ್ಲಿದ್ದವು. ಆಕೆ ಚಾಲಕನ ಬಾಗಿಲಂಚಿಗೆ ಅಂಟಿಸಿದ್ದ ಪಟ್ಟಿಯಲ್ಲಿನ ಚಾಸಿಸ್ ನಂಬರನ್ನೇ ಬರೆದುಕೊಂಡು ಹೋದಳು. ಅವನು ಕೊಟ್ಟ ಬ್ರೇಕ್ ಸಿಲಿಂಡರ್, ಗ್ಯಾರೇಜಿನ ಮೆಕ್ಯಾನಿಕ್ ಎಷ್ಟು ಹೆಣಗಿದರೂ ಕೂರಲಿಲ್ಲ. ಹಿಂದಿರುಗಿಸಲು ಹೋದಾಗ ಅಂಗಡಿಯವನು ಕಂಪ್ಯೂಟರಿನಲ್ಲಿ ನಂಬರನ್ನು ಮತ್ತೆ ಒತ್ತಿ, ಪರದೆಯನ್ನು ಆಕೆಯತ್ತ ತಿರುಗಿಸಿದ.

"ನೋಡಿ ಅಕ್ಕ, ನಿಮ್ದು ಬಿಳಿ ಪೆಟ್ರೋಲ್ ಗಾಡಿ. ಹಿಂದೆ ಸೀಟೂ ಇದೆ."

"ನನ್ನ ವ್ಯಾನ್ ನೀಲಿ. ಡೀಸೆಲ್ ಕುಡಿಯುತ್ತೆ. ಹಿಂದೆ ಕೂರೋದು ಬರೀ ಬಟ್ಟೆ ಗಂಟು. ನಿನ್ನ ಕಂಪ್ಯೂಟರಿಗೆ ಪೊರೆ ಬಂದಿದೆಯೇನಪ್ಪಾ?"

"ಅದು ಸುಳ್ಳು ಹೇಳಲ್ಲ ಅಕ್ಕ. ಗಾಡಿ ಎಲ್ಲಿಂದ ಬಂತು ಅಂತ ನೀವೇ ವಿಚಾರಿಸ್ಕೊಳ್ಳಿ."

ಕಳ್ಳಮಾಲು ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಯಾರೆದುರೂ ತಲೆತಗ್ಗಿಸದೆ ದುಡಿದವಳಿಗೆ ಮೈಯೆಲ್ಲ ಉರಿಯಿತು. ಗ್ಯಾರೇಜಿಗೆ ಮರಳಿ, ಅಲ್ಲಿ ಗಾಡಿಗಳ ನೆಗ್ಗಿದ ತಗಡು ತಿದ್ದುವ ಟಿಂಕರಿಂಗ್ ಮಾಡುವ ಭಾವನೆದುರು, ಅಂದರೆ ತನ್ನಕ್ಕನ ಗಂಡನೆದುರು, ನಡೆದದ್ದನ್ನೆಲ್ಲ ಒದರಿದಳು. ಆತ ಸುತ್ತಿಗೆ ಕೆಳಗಿಟ್ಟು ತಲೆ ಕೆರೆದುಕೊಂಡ.

"ಹೋದ ವರ್ಷ ಲಾರಿ ಉಜ್ಜಿತ್ತಲ್ಲ, ಆಗ ಹಾಕಿದ ಬಾಗಿಲು ಗುಜರಿ ಗಾಡೀದು ಕಣಮ್ಮ. ಬಿಳೀದು. ಪಟ್ಟಿ ಹೊಸದರ ಹಾಗಿತ್ತು, ಕೀಳೋಕೆ ಮನಸ್ಸಾಗಲಿಲ್ಲ. ಅದರ ಮೇಲೆ ಟೇಪ್ ಅಂಟಿಸಿ ಸುತ್ತ ನೀಲಿ ಹೊಡೆದೆ."

"ಒಂದು ಮಾತು ಹೇಳೋಕೆ ಏನಾಗಿತ್ತು ಭಾವ?"

"ನೀನು ಬಾಗಿಲು ಓದ್ತೀಯ ಅಂತ ಯಾರಿಗೆ ಗೊತ್ತಿತ್ತು?"

ಮೆಕ್ಯಾನಿಕ್ ನಕ್ಕ. ಆಕೆ ನಗಲಿಲ್ಲ. ತಂತಿ ಬ್ರಷ್ ಹಿಡಿದು ತಾನೇ ವ್ಯಾನಿನ ಕೆಳಗೆ ತೂರಿ, ಕೆಸರು, ತುಕ್ಕು ಕೆರೆದು, ಚಾಸಿಸ್ ಮೇಲೆ ಕೊರೆದಿದ್ದ ನಂಬರನ್ನು ಹೊರತೆಗೆದಳು. ಈ ಬಾರಿ ಅಂಗಡಿಯ ಪರದೆಯ ಮೇಲೆ ನೀಲಿ ಬಣ್ಣದ ಡೀಸೆಲ್ ವ್ಯಾನೇ ಬಂತು. ಆದರೆ ಅದಕ್ಕೆ ಒಪ್ಪುವ ಸಿಲಿಂಡರ್ ಅಂಗಡಿಯಲ್ಲಿರಲಿಲ್ಲ. ನಾಳೆ ತರಿಸಿಕೊಡುತ್ತೇನೆ ಎಂದ ಅಂಗಡಿಯವನು.

ಭಾವ ತನ್ನ ಗೂಡ್ಸ್ ಆಟೋದಲ್ಲಿದ್ದ ತಗಡುಗಳನ್ನು ಇಳಿಸಿ, ಗಂಟುಗಳನ್ನು ಹೇರಿಕೊಂಡು ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಮೇಲ್ವಿಚಾರಕಿ ಹಾಸುಬಟ್ಟೆಗಳನ್ನು ಇಳಿಸಿಕೊಂಡಳು. ನಾಳೆಯಿಂದ ಬರಬೇಕಾಗಿಲ್ಲ ಎಂದಳು.

ಗ್ಯಾರೇಜಿಗೆ ಹಿಂದಿರುಗಿದ ಲಾಂಡ್ರಿ ಅಕ್ಕ ಉಗುರಿನಿಂದ ಆ ಪಟ್ಟಿಯನ್ನು ಚೂರುಚೂರಾಗಿ ಕಿತ್ತು, ಬಾಗಿಲನ್ನು ಬಲವಾಗಿ ಬಡಿದು ಮುಚ್ಚಿದಳು. ಎಂದಿನಂತೆ ಅದು ಒಂದಿಷ್ಟೂ ಅಲುಗದೆ ತನ್ನ ಜಾಗದಲ್ಲಿ ಕೂತಿತು. ಬೇರೆ ಗಾಡಿಯದೆಂದು ಗುಮಾನಿಯೇ ಬಾರದಷ್ಟು ಅಚ್ಚುಕಟ್ಟು, ಭಾವನ ಕೆಲಸ. ಆಕೆಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ.