ಎಡಗಾಲಿನ ತಾಳ

ಗಿಟಾರ್ ಸಾರ್ ಅವರ ಎಡಗಾಲಿನ ಚಪ್ಪಲಿ ಹಿಮ್ಮಡಿಯಲ್ಲಿ ಕಾಗದದಷ್ಟು ತೆಳ್ಳಗಾಗಿರುತ್ತಿತ್ತು. ಬಲಗಾಲಿನದು ಈಗಷ್ಟೇ ಅಂಗಡಿಯಿಂದ ತಂದಂತಿರುತ್ತಿತ್ತು. ವರ್ಷಗಟ್ಟಲೆ ಸ್ಟೇಜಿನ ಮೇಲೆ ಎಡಗಾಲಿನಲ್ಲೇ ತಾಳ ಹಾಕಿದ ಮನುಷ್ಯ ಅವರು. ಯಶವಂತಪುರದಲ್ಲಿ ಚಪ್ಪಲಿ ಹೊಲಿಯುವವರು, “ಏನ್ ಸಾರ್, ಒಂದೇ ಕಾಲಲ್ಲಿ ಓಡಾಡ್ತೀರಾ?” ಎಂದು ಕೇಳುತ್ತಿದ್ದರಂತೆ. “ಓಡಾಡೋದು ಎರಡರಲ್ಲೂ ಕಣಪ್ಪ, ದುಡಿಯೋದು ಮಾತ್ರ ಇದೊಂದೇ,” ಎನ್ನುತ್ತಿದ್ದರಂತೆ ಇವರು. ಸ್ಟುಡಿಯೋಗೆ ಬಂದರೆ ಮೊದಲು ಆ ಚಪ್ಪಲಿಗಳನ್ನು ಬಾಗಿಲಾಚೆ ಬಿಡುತ್ತಿದ್ದರು. ಆಮೇಲೆ ಚೀಲದಿಂದ ಒಂದು ಹಳೇ ಟರ್ಕಿ ಟವೆಲ್ ತೆಗೆದು, ನಾಲ್ಕು ಮಡಿಕೆ ಮಾಡಿ ಕುರ್ಚಿಯ ಕೆಳಗೆ ಹಾಸುತ್ತಿದ್ದರು. ಕಾಲು ಕುಟ್ಟುವ ಸದ್ದು ಮೈಕಿಗೆ ಹೋಗಬಾರದಲ್ಲ, ಅದಕ್ಕೆ. ಟವೆಲ್ ಹಾಸಿದ ಮೇಲೆಯೇ ಗಿಟಾರಿನ ಪೆಟ್ಟಿಗೆ ತೆರೆಯುತ್ತಿದ್ದುದು.

ನಾನಾಗ ಆರ್.ಟಿ. ನಗರದ ಒಂದು ಸಣ್ಣ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಕೆಲಸಕ್ಕೆ ಸೇರಿದ ಹೊಸತು. ಹೆಣ್ಣುಮಗಳಿಗೆ ಈ ಕೆಲಸ ಯಾಕೆ ಎಂದು ಬಂದವರೆಲ್ಲ ಮುಖ ನೋಡುತ್ತಿದ್ದರು. ಕೀಬೋರ್ಡಿನವರೊಬ್ಬರು ನನ್ನನ್ನು ಕಾಫಿ ತರುವವಳು ಎಂದುಕೊಂಡು, “ಸಕ್ಕರೆ ಕಮ್ಮಿ ಇರ್ಲಿ,” ಎಂದು ಹೇಳಿಯೂ ಇದ್ದರು. ಗಿಟಾರ್ ಸಾರ್ ಮಾತ್ರ ಮೊದಲ ದಿನವೇ ಹೆಡ್‌ಫೋನ್ ಹಾಕಿಕೊಳ್ಳುತ್ತ, “ಏನ್ ತಾಯೀ, ನನ್ನ ಸೌಂಡ್ ಹೆಂಗಿದೆ? ಮುಲಾಜಿಲ್ದೆ ಹೇಳು,” ಎಂದರು. ನಾನೂ ಮುಲಾಜಿಲ್ಲದೆ, “ಮೂರನೇ ತಂತಿ ಸ್ವಲ್ಪ ಇಳಿದಿದೆ ಸಾರ್,” ಎಂದುಬಿಟ್ಟೆ. ಕೀಬೋರ್ಡಿನವರು ಕಿಸಕ್ಕನೆ ನಕ್ಕರು. ಇವರು ತಂತಿ ಮೀಟಿ ನೋಡಿ, “ಹೌದಲ್ವಾ!” ಎಂದು ಬಿಗಿ ಮಾಡಿಕೊಂಡರು. ಅವತ್ತಿನಿಂದ ನನಗೆ ಯಾರೂ ಕಾಫಿ ಹೇಳಲಿಲ್ಲ.

ಅವರು ಅಲ್ಲಾಳಸಂದ್ರದ ಹಳೇ ಒಕ್ಕಲುತನದ ಮನೆಯ ಹಿರಿಯ ಮಗ. ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ತಮ್ಮಂದಿರು ಅಪಾರ್ಟ್‌ಮೆಂಟ್ ಎಬ್ಬಿಸಿ ಬಿಲ್ಡರ್‌ಗಳಾದರು. ಇವರು ಕೂದಲು ಬಿಟ್ಟುಕೊಂಡು ರಾಕ್ ಬ್ಯಾಂಡ್ ಸೇರಿದರು. “ನಮ್ಮಪ್ಪ ಸಾಯೋವರೆಗೂ ಗಿಟಾರ್‌ಗೆ ಡಬ್ಬ ಅಂತಾನೇ ಅಂತಿದ್ದ. ‘ಡಬ್ಬ ತಗೊಂಡು ಎಲ್ಲಿಗ್ ಒಂಟೆ?’ ಅಂತ ಕೇಳೋನು. ನಾನು ಕಲ್ಕತ್ತಾ ಅಂತಿದ್ದೆ. ‘ಅಲ್ಲೇನ್ ಡಬ್ಬ ಬಾರ್ಸೋರಿಗೆ ಬರಾನಾ?’ ಅನ್ನೋನು,” ಎಂದು ಹೇಳಿ ತಾವೇ ನಗುತ್ತಿದ್ದರು. ಬ್ಯಾಂಡಿನ ಜೊತೆ ಎರಡು ಮೂರು ವಾರ ರೈಲಿನಲ್ಲಿ ಊರೂರು ಸುತ್ತಿ, ಯಶವಂತಪುರ ಸ್ಟೇಷನ್ನಿನಲ್ಲಿ ಇಳಿದು, ಮನೆಗೂ ಹೋಗದೆ ನೇರ ನಮ್ಮ ಸ್ಟುಡಿಯೋಗೆ ಬಂದದ್ದೂ ಉಂಟು. ಸಿನಿಮಾ ಹಾಡು, ಜಾಹೀರಾತು, ದೇವರ ನಾಮ, ಯಾವುದಕ್ಕೆ ಕರೆದರೂ ಬರುತ್ತಿದ್ದರು. ನುಡಿಸುವ ಮೊದಲು ಹಾಡಿನ ಸಾಹಿತ್ಯವನ್ನು ಯಾರಾದರೂ ಪೂರ್ತಿ ಓದಿ ಹೇಳಬೇಕಿತ್ತು. ಓದುವಾಗ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರು.

ಸ್ಟೇಜಿನ ಮೇಲೆ ಅಷ್ಟು ಅಬ್ಬರಿಸುವವರು ಸ್ಟುಡಿಯೋದಲ್ಲಿ ಯಾಕಿಷ್ಟು ಸಾಧು ಎಂದು ಒಮ್ಮೆ ಕೇಳಿದ್ದೆ. “ಅಲ್ಲಿ ಸ್ವಂತ ಮನೆ ತಾಯೀ, ಏನ್ ಬೇಕಾದ್ರೂ ಮಾಡ್ಬೋದು. ಇಲ್ಲಿ ಬಾಡಿಗೆ ಮನೆ. ಬೇರೆಯವ್ರ ಗೋಡೆಗೆ ಮೊಳೆ ಹೊಡೀಬಾರ್ದು,” ಎಂದರು.

ಅಂಥವರ ಗೋಡೆಗೆ ಮೊಳೆ ಹೊಡೆದವಳು ನಾನು. ಅದನ್ನು ಹೇಳಬೇಕೆಂದೇ ಇದನ್ನು ಬರೆಯಲು ಕೂತಿದ್ದೇನೆ.

ಒಂದು ಸಿನಿಮಾ ಹಾಡು. ಶುರುವಿನಲ್ಲಿ ಗಿಟಾರ್ ಮಾತ್ರ ನಾಲ್ಕು ಸಾಲು ನುಡಿಯಬೇಕು, ಆಮೇಲೆ ಡ್ರಮ್ಸ್ ಬರಬೇಕು. ಸಾಮಾನ್ಯವಾಗಿ ನುಡಿಸುವವರ ಕಿವಿಗೆ ಟಕ್ ಟಕ್ ಎನ್ನುವ ಕ್ಲಿಕ್ ಬಿಡುತ್ತೇವೆ, ತಾಳ ಆಚೀಚೆ ಆಗದಿರಲಿ ಎಂದು. “ಇದಕ್ಕೆ ಕ್ಲಿಕ್ ಬೇಡ, ಹಾಡು ಉಸಿರಾಡ್ಬೇಕು. ನನ್ನ ಕಾಲೇ ಸಾಕು,” ಎಂದರು ಗಿಟಾರ್ ಸಾರ್. ಸಂಗೀತ ನಿರ್ದೇಶಕರು ಕೂಡಲೇ ಒಪ್ಪಿದರು. ಆ ಎಡಗಾಲಿನ ಮೇಲೆ ಊರಿಗೆಲ್ಲ ಅಷ್ಟು ನಂಬಿಕೆ. ಎರಡು ಟೇಕ್ ನುಡಿಸಿ, ಟವೆಲ್ ಮಡಚಿಕೊಂಡು, ಮೂರು ವಾರದ ಟೂರಿಗೆ ರೈಲು ಹಿಡಿಯಲು ಓಡಿದರು.

ಮೊದಲನೇ ಟೇಕಿನ ಆರಂಭ ನಿರ್ದೇಶಕರಿಗೆ ತುಂಬ ಹಿಡಿಸಿತ್ತು. ಆದರೆ ಅದರ ಮೂರನೇ ಸಾಲಿನಲ್ಲಿ ಅವರದೇ ಫೋನ್ ಗುರ್ ಎಂದಿತ್ತು. ಹಾಗಾಗಿ ಮೊದಲ ಟೇಕಿನ ಎರಡು ಸಾಲಿಗೆ ಎರಡನೇ ಟೇಕಿನ ಉಳಿದರ್ಧವನ್ನು ಅಂಟಿಸಲು ನನಗೆ ಹೇಳಿದರು. ಅಂಟಿಸಿದೆ. ಅಂಟಿಸುವಾಗ ಅರ್ಧ ಬೀಟ್ ಕತ್ತರಿಸಿ ಹೋಯಿತು. ಒಂದು ಸಣ್ಣ ಮೀಟು, ಅಷ್ಟೇ. ನನಗೆ ಗೊತ್ತೇ ಆಗಲಿಲ್ಲ. ಅದರ ಮೇಲೆ ಡ್ರಮ್ಸ್ ಬಂತು, ಕೊಳಲು ಬಂತು, ಹಾಡುವವರು ಬಂದು ಹಾಡಿ ಹೋದರು. ಎಲ್ಲ ಮುಗಿದು ಕೂತು ಕೇಳುವಾಗ ನಿರ್ದೇಶಕರು ಕೈ ಎತ್ತಿ ನಿಲ್ಲಿಸಿದರು.

“ಏನಿದು? ಇಲ್ಲಿ ಕುಂಟ್ತಾ ಇದೆಯಲ್ಲ!”

ಇನ್ನೊಮ್ಮೆ ಹಾಕಿಸಿದರು. ಕುಂಟುತ್ತಿದ್ದದ್ದು ಸರಿಯಾಗಿ ನಾನು ಅಂಟಿಸಿದ ಜಾಗದಲ್ಲೇ.

“ಟ್ರೈನ್ ಹಿಡಿಯೋ ಅವಸರದಲ್ಲಿ ಅರ್ಧ ಬೀಟ್ ನುಂಗ್ಬಿಟ್ಟಿದಾರೆ. ಅಲ್ವೇನಮ್ಮಾ?” ಎಂದು ನನ್ನ ಕಡೆ ತಿರುಗಿದರು.

ನಾನು ತಲೆ ಅಲ್ಲಾಡಿಸಿದೆ. ಹೌದೆಂದು ಅಲ್ಲಾಡಿಸಿದೆ. ಇಷ್ಟು ವರ್ಷವಾದರೂ ನೆನೆಸಿಕೊಂಡರೆ ಕತ್ತು ನೋಯುತ್ತದೆ. “ಬಿಡು, ಈಗ ಬಿಚ್ಚಕ್ಕಾಗಲ್ಲ. ನಾಡಿದ್ದೇ ರಿಲೀಸು,” ಎಂದು ಅವರು ಎದ್ದು ಹೋದರು. ಆಮೇಲೆ ಒಬ್ಬಳೇ ಕೂತು ಎರಡನೇ ಟೇಕನ್ನು ಮೊದಲಿನಿಂದ ಕೇಳಿದೆ. ನಾಲ್ಕೂ ಸಾಲು ಪೂರ್ತಿಯಾಗಿ, ಮುತ್ತು ಪೋಣಿಸಿದಂತೆ ಇತ್ತು. ಅದನ್ನು ನನ್ನ ಸ್ವಂತ ಡಿಸ್ಕಿಗೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ.

ಸಿನಿಮಾ ಓಡಲಿಲ್ಲ, ಹಾಡು ಮಾತ್ರ ಯದ್ವಾತದ್ವಾ ಓಡಿತು. ಆಟೋದಲ್ಲಿ, ಗಣಪತಿ ಪೆಂಡಾಲಿನಲ್ಲಿ, ಮದುವೆ ಆರ್ಕೆಸ್ಟ್ರಾದಲ್ಲಿ ಎಲ್ಲೆಲ್ಲೂ ಅದೇ. ಬಾಗಲಗುಂಟೆಯಿಂದ ಹೆಬ್ಬಾಳದವರೆಗೆ ಗಿಟಾರ್ ಹಿಡಿದ ಪ್ರತಿ ಹುಡುಗನೂ ಆ ನಾಲ್ಕು ಸಾಲು ಕಲಿತ, ಕುಂಟು ಸಮೇತ ಕಲಿತ. ಅದಕ್ಕೆ ‘ಕುಂಟು’ ಎಂದೇ ಹೆಸರೂ ಬಿತ್ತು. ಜೊತೆಗೆ ಇನ್ನೊಂದು ಮಾತೂ ಹಬ್ಬಿತು. “ಅವ್ರಿಗೂ ತಾಳ ತಪ್ಪತ್ತೆ ಗುರು!” ಎಂದು. ಕ್ಲಿಕ್ ಇಲ್ಲದೆ ಅವರನ್ನು ಕೂರಿಸಲು ನಿರ್ದೇಶಕರು ಹಿಂದೆಮುಂದೆ ನೋಡತೊಡಗಿದರು. ವಾರಕ್ಕೆ ನಾಲ್ಕು ದಿನ ಬರುತ್ತಿದ್ದವರು ತಿಂಗಳಿಗೆ ನಾಲ್ಕು ದಿನ ಬರುವಂತಾಯಿತು. ಟೂರುಗಳು ಜಾಸ್ತಿಯಾದವು.

ಯಲಹಂಕದ ಕಡೆ ಒಂದು ಕಾಲೇಜಿನಲ್ಲಿ ಅವರ ಬ್ಯಾಂಡ್ ನುಡಿಸುವಾಗ ನಾನೂ ಹೋಗಿದ್ದೆ. ಹುಡುಗರು ಆ ಹಾಡಿನ ಶುರು ಬೇಕೆಂದು ಕೂಗಿದರು. ಗಿಟಾರ್ ಸಾರ್ ನಾಲ್ಕು ಸಾಲನ್ನೂ ಸರಿಯಾಗಿ, ಪೂರ್ತಿ ನುಡಿಸಿದರು. ಡ್ರಮ್ಸಿನವನು ಸಿನಿಮಾ ಹಾಡು ಕೇಳಿ ಕಲಿತವನು, ಅರ್ಧ ಬೀಟ್ ಮುಂಚೆಯೇ ಶುರುಮಾಡಿಬಿಟ್ಟ. ಎಲ್ಲ ಕಲಸುಮೇಲೋಗರವಾಗಿ ಹುಡುಗರು ಹೋ ಎಂದರು. “ಸಾರ್ ಮತ್ತೆ ತಪ್ಪಿದ್ರು ಕಣೋ ಮಗಾ!” ಎಂದು ನನ್ನ ಪಕ್ಕದಲ್ಲೇ ಒಬ್ಬ ಕಿರುಚಿದ. ಅವನ ಕೆನ್ನೆಗೆ ಬಾರಿಸೋಣ ಎನಿಸಿತು. ಬಾರಿಸಬೇಕಾಗಿದ್ದದ್ದು ಯಾರ ಕೆನ್ನೆಗೆ ಎಂಬುದು ನನಗೆ ಗೊತ್ತಿತ್ತು. ಸ್ಟೇಜಿನ ಮೇಲೆ ಗಿಟಾರ್ ಸಾರ್ ಒಂದು ಕ್ಷಣ ತಮ್ಮ ಎಡಗಾಲನ್ನು ನೋಡಿಕೊಂಡರು. ಆಮೇಲೆ ಡ್ರಮ್ಸಿನವನ ಕಡೆ ನಕ್ಕು, ಮೊದಲಿನಿಂದ ಶುರು ಮಾಡಿದರು. ಈ ಸಲ ಕುಂಟಿಸಿಯೇ ನುಡಿಸಿದರು. ಅಂದಿನಿಂದ ಸ್ಟೇಜಿನ ಮೇಲೆ ಹಾಗೆಯೇ.

ಅವರು ಕಾಲು ನೋಡಿಕೊಂಡದ್ದು ನನ್ನನ್ನು ತಿಂದುಹಾಕಿತು. ನಿಜವಾಗಲೂ ತಾವೇ ತಪ್ಪಿದೆವು ಎಂದು ಅವರು ನಂಬಿಬಿಟ್ಟರೇ? ತಾಳವನ್ನೇ ನೆಚ್ಚಿ ಬದುಕಿದವರಿಗೆ ತಮ್ಮ ಕಾಲಿನ ಮೇಲೇ ಅನುಮಾನ ಹುಟ್ಟಿಸಿದೆನೇ? ಅದಾದ ಮೇಲೆ ಸ್ಟುಡಿಯೋದಲ್ಲಿ ಪ್ರತಿ ಟೇಕ್ ಮುಗಿದಾಗಲೂ ಅವರು ಗಾಜಿನಾಚೆಯಿಂದ ನನ್ನನ್ನೇ ನೋಡುತ್ತ, “ಎಲ್ಲಾ ಪೂರ್ತಿ ಸಿಕ್ತಾ ತಾಯೀ?” ಎಂದು ಕೇಳತೊಡಗಿದರು. ಮುಂಚೆ ಎಂದೂ ಕೇಳಿದವರಲ್ಲ. ಪಾಪ, ಧೈರ್ಯ ಕುಸಿದಿದೆ ಎಂದುಕೊಂಡೆ. “ಸಿಕ್ತು ಸಾರ್,” ಎನ್ನುತ್ತಿದ್ದೆ. ಅವರು ತಲೆಯಾಡಿಸಿ ಟವೆಲ್ ಮಡಚುತ್ತಿದ್ದರು.

ಇಷ್ಟು ಸಾಲದೆಂಬಂತೆ, ಸ್ಟುಡಿಯೋದ ಸೀನಿಯರ್ ರೆಕಾರ್ಡಿಸ್ಟ್ ಕೆಲಸ ಬಿಟ್ಟಾಗ ಆ ಕುರ್ಚಿಗೆ ನನ್ನನ್ನು ಕೂರಿಸಿದವರೂ ಅವರೇ. ಮಾಲೀಕರು ಹೊರಗಿನವರನ್ನು ತರುವವರಿದ್ದರು. “ಈ ಹುಡುಗಿ ಕಿವಿ ಬಂಗಾರ ಕಣ್ರೀ, ಬೇರೆಯವ್ರು ಯಾಕೆ?” ಎಂದರಂತೆ. ಆ ವಾರವೇ ಹೇಳಿಬಿಡುತ್ತೇನೆಂದು ಗಟ್ಟಿ ಮನಸ್ಸು ಮಾಡಿ ಅಲ್ಲಾಳಸಂದ್ರದ ಅವರ ಮನೆಗೆ ಹೋದೆ. ಅವರ ಹೆಂಡತಿ ಬಿಸಿ ಬಿಸಿ ರಾಗಿ ರೊಟ್ಟಿ ತಟ್ಟಿಕೊಟ್ಟರು. ಸಾರ್ ಜಗುಲಿಯ ಮೇಲೆ ಕೂತು ಹೊಸ ತಂತಿ ಕಟ್ಟುತ್ತಿದ್ದರು.

“ಸಾರ್, ಆ ಹಾಡಿನ ವಿಷಯ...” ಎಂದೆ.

ಅವರ ಕೈ ನಿಂತಿತು. “ಹೇಳು ತಾಯೀ.”

ಎಷ್ಟು ಹೊತ್ತು ಕಾದರೋ! ನನಗೆ ಹೊಸ ಕುರ್ಚಿ ಕಣ್ಣೆದುರು ಬಂತು. “ಏನಿಲ್ಲ ಸಾರ್. ಈಗ್ಲೂ ಎಲ್ಲ ಕಡೆ ಹಾಕ್ತಾರೆ ಅಂತ,” ಎಂದೆ. ಥೂ ನನ್ನ ಜನ್ಮಕ್ಕೆ. “ಹಾಕ್ಲಿ ಬಿಡು,” ಎಂದು ಅವರು ಮತ್ತೆ ತಂತಿ ಸುತ್ತತೊಡಗಿದರು. “ರೊಟ್ಟಿ ಆರೋಗ್ತಾ ಇದೆ, ತಿನ್ನು.”

ಹೋದ ವರ್ಷ ಒಂದು ಟೂರ್ ಮುಗಿಸಿ ಏರ್‌ಪೋರ್ಟಿನಿಂದ ಮನೆಗೆ ಬರುತ್ತಿದ್ದಾಗ, ಚಿಕ್ಕಜಾಲದ ಹತ್ತಿರ ಕಾರಿನಲ್ಲೇ ಹೋಗಿಬಿಟ್ಟರು. ಹೃದಯ ನಿಂತಿತಂತೆ. “ನಿದ್ದೆ ಮಾಡ್ತಿದಾರೆ ಅಂದ್ಕೊಂಡೆ,” ಎಂದು ಡ್ರೈವರ್ ಅತ್ತನಂತೆ. ಗಿಟಾರ್ ಪೆಟ್ಟಿಗೆ ತೊಡೆಯ ಮೇಲೇ ಇತ್ತು.

ಹನ್ನೊಂದನೇ ದಿನದ ಕಾರ್ಯಕ್ಕೆ ಅವರ ಹೆಂಡತಿ ಫೋನ್ ಮಾಡಿದರು. “ಎಡೆ ಇಡ್ತೀವಿ ಕಣವ್ವ. ಅವ್ರಿಗೆ ಇಷ್ಟವಾಗಿದ್ದು ನಿನ್ ಕಡೆಯಿಂದ ಏನಾದ್ರೂ ತಗೊಂಡ್ ಬಾ,” ಎಂದರು. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಎಲೆಯ ಮೇಲೆ ಇಡುವುದು ಅವರ ಮನೆಯ ಪದ್ಧತಿ. ನಾನು ಏನು ತರಲಿ? ಎರಡು ದಿನ ಯೋಚಿಸಿದೆ. ಕೊನೆಗೆ ಆ ಹಳೇ ಡಿಸ್ಕಿನಿಂದ ಎರಡನೇ ಟೇಕನ್ನು ತೆಗೆದುಕೊಂಡು ಹೋದೆ.

ಶಾಮಿಯಾನದ ಕೆಳಗೆ ಬಾಳೆಎಲೆ ಹಾಸಿತ್ತು. ಮುದ್ದೆ, ಅವರೆಕಾಳು ಸಾರು, ಒಂದು ಪ್ಯಾಕ್ ಹೊಸ ತಂತಿ, ಮಡಚಿದ ಆ ಟರ್ಕಿ ಟವೆಲ್. ಪಕ್ಕದಲ್ಲಿ ಸ್ಪೀಕರ್ ಇಟ್ಟು ಬ್ಯಾಂಡಿನವರು, ಆರ್ಕೆಸ್ಟ್ರಾದವರು ಅವರ ಹಾಡುಗಳನ್ನು ಹಾಕುತ್ತಿದ್ದರು. ನಾನು ತಂದದ್ದನ್ನು ಹಾಕಿಸಿದೆ. ಗಿಟಾರ್ ಒಂದೇ, ನಾಲ್ಕು ಸಾಲು. ಮೂರನೇ ಸಾಲು ಬರುವಾಗ ತಾಳ ಹಾಕುತ್ತಿದ್ದ ಅಲ್ಲಿದ್ದವರ ಕಾಲುಗಳೆಲ್ಲ ಒಟ್ಟಿಗೆ ತಡವರಿಸಿದವು.

“ಮೇಡಂ, ಇದ್ಯಾವ್ದೋ ತಪ್ಪು ಟೇಕ್ ತಂದಿದೀರಾ,” ಎಂದರು ಕೀಬೋರ್ಡಿನವರು. “ಇಲ್ಲೇನೋ ಜಾಸ್ತಿ ಇದೆ.”

“ಇಲ್ಲ ಕಣಪ್ಪ, ಸರಿಯಾಗೈತೆ,” ಎಂಬ ದನಿ ಕೇಳಿತು. ಅವರ ಹೆಂಡತಿ ಎಲೆಯ ಮುಂದೆ ಕೂತಲ್ಲಿಂದಲೇ ಹೇಳಿದರು. “ಮನೇಲಿ ದಿನಾ ಇಂಗೇ ಬಾರ್ಸೋರು. ಒಂದಿನಾನೂ ಕುಂಟ್ಸಿಲ್ಲ. ನಾನೇ ಕೇಳಿದ್ದೆ, ಆಚೆ ಓದ್ರೆ ಯಾಕೆ ಅಂಗ್ ಬಾರಿಸ್ತೀರಾ ಅಂತ. ‘ಆ ಕುಂಟು ಬೇರೆಯವ್ರದ್ದು ಕಣೆ, ನನ್ ಅತ್ರ ಬಿಟ್ಟೋಗವ್ರೆ. ಬಂದ್ ಕೇಳಿದ್ ದಿನ ವಾಪಸ್ ಕೊಡ್ತೀನಿ’ ಅಂದ್ರು. ಯಾರ್ದೋ ಏನೋ.”

ಎಲ್ಲಾ ಪೂರ್ತಿ ಸಿಕ್ತಾ ತಾಯೀ, ಎಲ್ಲಾ ಪೂರ್ತಿ ಸಿಕ್ತಾ ತಾಯೀ. ಅಷ್ಟು ವರ್ಷ ಗಾಜಿನಾಚೆಯಿಂದ ಅವರು ಕೇಳುತ್ತಿದ್ದದ್ದು ಏನೆಂದು ನನಗೆ ಆಗ ಅರ್ಥವಾಯಿತು. ಅವರಿಗೆ ತಮ್ಮ ಕಾಲಿನ ಮೇಲೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ನಾನಾಗೇ ಬಾಯಿ ಬಿಡಲೆಂದು ಕಾಯುತ್ತಿದ್ದರು. ಅಳು ಉಕ್ಕಿ ಬಂತು, ತಡೆದುಕೊಂಡೆ. ಅತ್ತರೆ ಮತ್ತೆ ಹೇಳಲಾಗುವುದಿಲ್ಲ ಎಂದು ಹೆದರಿಕೆಯಾಯಿತು.

“ಅದು ನಂದು ಅಕ್ಕಾ,” ಎಂದೆ. ಕೀಬೋರ್ಡಿನವರಿಗೂ, ಡ್ರಮ್ಸಿನವನಿಗೂ, ಹಿಂದೆ ನಿಂತಿದ್ದ ಹುಡುಗರಿಗೂ ಕೇಳುವಷ್ಟು ಗಟ್ಟಿಯಾಗಿ ಎಂದೆ. ಆಮೇಲೆ ಅವರು ಟವೆಲ್ ಮಡಚಿಕೊಂಡು ರೈಲಿಗೆ ಓಡಿದಲ್ಲಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ತಲೆ ಅಲ್ಲಾಡಿಸಿದ್ದನ್ನೂ ಬಿಡಲಿಲ್ಲ.