ಹೆಸರು ಮುಚ್ಚಿದ ಗಾಜು

ಅವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ವರ್ಷಗಟ್ಟಲೆ ಬಲಗಣ್ಣೊಂದನ್ನೇ ಸೂಕ್ಷ್ಮದರ್ಶಕಕ್ಕೆ ಒತ್ತಿ ರಕ್ತ ನೋಡಿದ್ದರ ಗುರುತು ಅದು. ಹಾಲು ತಂದವಳನ್ನೂ, ಸಲಾಂ ಹೊಡೆದವನನ್ನೂ ಹಾಗೇ ನೋಡುತ್ತಿದ್ದರು. ಚನ್ನಗಿರಿಯ ಆಸ್ಪತ್ರೆಯಲ್ಲಿ ಅವರು ರಕ್ತಪರೀಕ್ಷೆಯ ಸಾಹೇಬರು, ನಾನು ಕಾಂಪೌಂಡರ್.

ಬೆಂಗಳೂರಿನಲ್ಲಿ ತರಬೇತಿ ಮುಗಿಸಿ ಸರ್ಟಿಫಿಕೇಟು ತಂದರೆ ಹೊನ್ನಾಳಿಯಲ್ಲಿ ನನಗೂ ಅದೇ ಕೆಲಸ ಸಿಗುವುದಿತ್ತು. ಹೋಗಬೇಕಾದರೆ, ಇವನಿಗೆ ರಕ್ತ ಸವರಿದ ಗಾಜು ನೋಡಲು ಬರುತ್ತದೆ ಎಂದು ಅವರು ಸಹಿ ಹಾಕಬೇಕು. ಮಹರಾಯರು ಹಾಕಲೊಲ್ಲರು! ಆ ಜಾಗವನ್ನು ತಮ್ಮ ಭಾವಮೈದುನನಿಗೆ ಕಾದಿಟ್ಟಿದ್ದಾರೆಂದೇ ನನ್ನ ಗುಮಾನಿ.

ಅವರು ಮಾತ್ರ ಆಗಾಗ ಬೆಂಗಳೂರಿಗೆ ಹೋಗಿ ಮತ್ತೆ ಕಲಿತು ಬರುತ್ತಿದ್ದರು. ಅಲ್ಲೊಬ್ಬಳನ್ನು ಇಟ್ಟುಕೊಂಡು ಚಿಕ್ಕಮನೆ ಮಾಡಿದ್ದಾರೆಂದು ಊರೆಲ್ಲ ಗುಸುಗುಸು. ಕಲಿತವರು ಮತ್ತೇನು ಕಲಿಯುವುದು ಎಂದು ನಾನೂ ಒಮ್ಮೆ ಕೆಣಕಿದೆ.

"ಕಣ್ಣಿಗೆ ಸೊಕ್ಕು ಬರ್ತೈತೆ ಕಣಪ್ಪ. ಇಳಿಸ್ಕೊಂಡು ಬರಾಕೆ ಹೋಗ್ತೀನಿ," ಎಂದರು.

ಗಾಜಿನ ಮೇಲಿನ ಹೆಸರಿಗೆ ಕಾಗದ ಸುತ್ತಿಯೇ ಅವರು ರಕ್ತ ನೋಡುತ್ತಿದ್ದುದು. ಹೆಸರು ಕಂಡರೆ ಮುಖ ನೆನಪಾಗುತ್ತದೆ, ಮುಖ ನೆನಪಾದರೆ ಕಣ್ಣು ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ನಾನೋ, ಗಡಗಡ ನಡುಗುವವನನ್ನು ನೋಡಿದೊಡನೆ ಚಳಿಜ್ವರ ಎನ್ನುವವನು. ಚಳಿಜ್ವರದ ತವರಾದ ಸೂಳೆಕೆರೆ ಸೀಮೆಯಲ್ಲಿ ಹುಟ್ಟಿದವನಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಒಂದು ಬೆಳಿಗ್ಗೆ ನಡುಗುತ್ತಿದ್ದ ಬೆಸ್ತನೊಬ್ಬನನ್ನು ನನ್ನ ಮುಂದೆಯೇ ಒಳಗೆ ಕರೆದೊಯ್ದು, ಅವನ ಗಾಜು ತಂದುಕೊಟ್ಟರು. ಕಪ್ಪು ಚುಕ್ಕೆಗಳು ಕಂಡವು. "ಐತೆ ಸಾಹೇಬ್ರೆ," ಎಂದೆ.

"ಅದು ಗಾಜಿಗೆ ಹಾಕಿದ ಬಣ್ಣದ ಕಸ. ಅವ್ನು ಈಗ ಕೆರೆಯಿಂದ ಎದ್ದು ಬಂದವ್ನೆ, ಅದಕ್ಕೆ ನಡುಗ್ತಾನೆ. ಜ್ವರ ಇಲ್ಲ, ಏನಿಲ್ಲ."

ಬೆಸ್ತ ಕಿಸಕ್ಕೆಂದ. ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಬೀಳಿಸಲು ಹೂಡಿದ ಆಟವಲ್ಲದೆ ಇದು ಮತ್ತೇನು! ಅಂದಿನಿಂದ ಅವರ ಮೇಲಿನ ಸಿಟ್ಟಿಗೇ ನಾನು ಗಾಜುಗಳನ್ನು ಹಟ ಹಿಡಿದು ನೋಡತೊಡಗಿದೆ.

ಯುದ್ಧ ನಡೆದು ಚಳಿಜ್ವರದ ಮದ್ದು ಕ್ವಿನೈನ್‌ಗೆ ಬರ ಬಂದ ಕಾಲ. ಸಾಹೇಬರು ಎಲೆಅಡಿಕೆ ಜಗಿಯುತ್ತ ಬಂದು ಒಂದು ಗಾಜು ಮುಂದಿಟ್ಟರು. ಹೆಸರಿಗೆ ಕಾಗದ ಸುತ್ತಿತ್ತು.

"ಯಾವನೋ ಗಟ್ಟಿಯಾಳು. ಚೆನ್ನಾಗೇ ಅವ್ನೆ. ನೋಡು."

ಮತ್ತೆ ಬೋನು ಒಡ್ಡಿದರು ಎಂದುಕೊಂಡೆ. ಇದೆಯೆಂದರೆ ನಗುತ್ತಾರೆ, ಇಲ್ಲವೆಂದರೂ ನಗುತ್ತಾರೆ. ಹಾಳಾಗಲಿ ಎಂದು ಅವರ ಮುಖ ಮರೆತು ಗಾಜಿಗೇ ಕಣ್ಣು ಕೊಟ್ಟೆ. ಸರಿಸಿದಲ್ಲೆಲ್ಲ ಉಂಗುರಗಳು. ಕಸವಲ್ಲ, ಕೆಟ್ಟ ಜ್ವರದ ಕ್ರಿಮಿಗಳೇ.

"ತುಂಬಿ ತುಳುಕ್ತೈತೆ. ಮೊದಲು ಇವನನ್ನ ಮಲಗಿಸ್ರಿ!"

"ಖಾತ್ರಿನಾ? ಇನ್ನೊಂದ್ಸಲ ನೋಡು."

"ನೂರು ಸಲ ನೋಡಿದ್ರೂ ಅದೇ ರೀ."

ಅವರು ನನ್ನ ಅರ್ಜಿ ಎಳೆದುಕೊಂಡು ಸಹಿ ಹಾಕಿದರು. ಕೊನೆಯ ಅಕ್ಷರ ಕೆಳಕ್ಕೆ ಜಾರಿತು. ಆಮೇಲೆ ಸೂಜಿ ಚುಚ್ಚಿದ ತಮ್ಮ ಬೆರಳಿಗೆ ಒತ್ತಿಕೊಂಡಿದ್ದ ಹತ್ತಿ ತೆಗೆದು ಮೇಜಿನ ಮೇಲಿಟ್ಟರು.

"ಹಂಗಾದ್ರೆ ಮಲಗ್ತೀನಪ್ಪ," ಎಂದರು.

ಕ್ವಿನೈನ್‌ಗಾಗಿ ನ್ಯಾಮತಿಗೆ ಆಳು ಓಡಿಸಿದೆ, ಜಗಳೂರಿಗೆ ಹೇಳಿ ಕಳಿಸಿದೆ. ಎಲ್ಲೂ ಸಿಗಲಿಲ್ಲ. ಸಾಹೇಬರು ಮತ್ತೆ ಏಳಲಿಲ್ಲ. ಅಯ್ಯೋ, ಬೈದುಕೊಂಡ ಬಾಯಲ್ಲೇ ಅತ್ತೆ.

ಬೆಂಗಳೂರಿನಲ್ಲಿ ತರಬೇತಿಯ ಅಧಿಕಾರಿ ನನ್ನ ಅರ್ಜಿಯನ್ನು ಬೆಳಕಿಗೆ ಹಿಡಿದರು. "ಈ ಸಹಿ ಅವರದೇ ಏನ್ರೀ? ಅವರ ಕೈ ಹೀಗಿರಲಿಲ್ಲ," ಎಂದು ನನ್ನನ್ನು ಕಳ್ಳನಂತೆ ನೋಡಿದರು.

ಹಿಂದಿನ ನಾನಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. "ಅನುಮಾನ ಇದ್ರೆ ಒಂದು ಗಾಜು ಕೊಡ್ರಿ ಸ್ವಾಮಿ. ಹೆಸರು ಮುಚ್ಚಿ ಕೊಡ್ರಿ," ಎಂದೆ.

ಅವರು ಕೊಟ್ಟರು. ಸೂಕ್ಷ್ಮದರ್ಶಕಕ್ಕೆ ಬಗ್ಗಿದೆ. ನನ್ನ ಎಡಗಣ್ಣು ತಾನಾಗಿಯೇ ಅರ್ಧ ಮುಚ್ಚಿಕೊಂಡಿತು.