ಮಡಚದೆ ಬಿಟ್ಟ ಬಿಳಿ ಬೆಡ್‌ಶೀಟ್

ಸರೋಜಮ್ಮ, ಹೆಲಿಕಾಪ್ಟರನ್ನು ಅಷ್ಟು ಕೆಳಕ್ಕೆ ಕರೆದವಳು ನಾನು. ವಿಚಾರಣೆಯಲ್ಲಿ ನಿಮ್ಮ ಯಜಮಾನರು ಹೇಳಿದ್ದೆಲ್ಲ ನಿಜ. ಸುಳ್ಳು ಹೇಳಿದವಳು ಈ ಯಾದವಗಿರಿಯ ಸ್ಟೆಲ್ಲಾ, ಕ್ಯಾಪ್ಟನ್ ವಿನ್ಸೆಂಟರ ಹೆಂಡತಿ.

ಅವರಿಬ್ಬರೂ ಆಗ ಒಂದೇ ಸರ್ವೇ ಹೆಲಿಕಾಪ್ಟರ್ ಹಾರಿಸುತ್ತಿದ್ದರು — ವಿನ್ಸೆಂಟ್ ಕ್ಯಾಪ್ಟನ್, ನಿಮ್ಮ ನಂಜುಂಡಸ್ವಾಮಿಯವರು ಕೋ-ಪೈಲಟ್. ಈಸ್ಟರ್ ಕಳೆದ ಮೇಲೆ ಹಿನ್ನೀರಿನ ದಡದಲ್ಲಿ ನಮ್ಮ ಚರ್ಚಿನವರ ಪಿಕ್ನಿಕ್. ಅವತ್ತು ಅವರ ಹಾದಿಯೂ ಅದರ ಮೇಲೆಯೇ ಇತ್ತು. ಒಂದು ಸಲ ಕೆಳಗೆ ಬಂದು ಕೈ ಬೀಸಿ ಹೋಗಿ, ಪ್ಲೀಸ್, ಎಂದು ವಿನ್ಸೆಂಟರನ್ನು ವಾರವಿಡೀ ಕಾಡಿದೆ. ಯಾರಿಗೂ ಹೇಳಿರಲಿಲ್ಲ, ಸರ್‌ಪ್ರೈಸ್ ಆಗಬೇಕಿತ್ತು.

ಒಪ್ಪಿದರು, ಆದರೆ ಒಂದು ಕಂಡೀಷನ್ ಹಾಕಿದರು. ದಡದಲ್ಲಿ ಬಿಳಿ ಬೆಡ್‌ಶೀಟ್ ಹಾಸಿದ್ದರೆ ಬರುತ್ತಾರೆ. ನೀರಿನಲ್ಲಿ ಅಲೆ ಇಲ್ಲದಿದ್ದರೆ ನಾನು ಅದನ್ನು ಮಡಚಿಬಿಡಬೇಕು.

"ನೀರು ಅಲ್ಲಾಡದೆ ನಿಂತ್ರೆ ಅದರಲ್ಲಿ ಆಕಾಶವೇ ಕಾಣುತ್ತೆ ಸ್ಟೆಲ್ಲಾ. ಎಷ್ಟು ಮೇಲಿದ್ದೀವಿ ಅಂತ ಕಣ್ಣಿಗೆ ಗೊತ್ತೇ ಆಗಲ್ಲ. ಮರೀಬೇಡ."

ಮರೆಯಲಿಲ್ಲ. ಬೆಳಿಗ್ಗೆ ಗಾಳಿಯಿತ್ತು, ಹಾಸಿದೆ. ಊಟದ ಹೊತ್ತಿಗೆ ಗಾಳಿ ನಿಂತಿತು. ನೀರು — ಪಾಲಿಶ್ ಮಾಡಿಟ್ಟ ಗಾಜು. ನೋಡಿದೆ. ನೋಡಲಿಲ್ಲ ಎಂದು ಹೇಗೆ ಹೇಳಲಿ, ಶೀಟಿನ ಒಂದು ಮೂಲೆ ಹಿಡಿದು ಎತ್ತಿಯೂ ಆಗಿತ್ತು. ಆಗ ನಮ್ಮ ಚರ್ಚಿನ ಕ್ವೈರ್‌ನಲ್ಲಿ ಹಾಡುವ ಫಿಲೋಮಿನಾ, ಕೈಯಲ್ಲಿ ಕಟ್ಲೆಟ್ ಹಿಡಿದುಕೊಂಡೇ,

"ಏನ್ರೀ ಸ್ಟೆಲ್ಲಾ, ನಿಮ್ ಕ್ಯಾಪ್ಟನ್ ನಿಜವಾಗ್ಲೂ ಹಾರಿಸ್ತಾರಾ, ಇಲ್ಲ ಹಿಂದ್ಗಡೆ ಸೀಟಲ್ಲಿ ನಿದ್ದೆ ಹೊಡೀತಾರಾ?" ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ — ಮೂಲೆಯನ್ನು ಕೈಬಿಟ್ಟೆ. ತೋರಿಸಿಯೇಬಿಡೋಣ ಅನ್ನಿಸಿತು. ಅಷ್ಟೇ, ಸರೋಜಮ್ಮ. ಅಷ್ಟಕ್ಕೇ.

ಬಂದರು. ಕೆಳಗೆ, ಇನ್ನೂ ಕೆಳಗೆ. ವಿನ್ಸೆಂಟ್ ಕಿಟಕಿಯಿಂದ ಕೈ ಬೀಸುತ್ತಿದ್ದರು, ಹಾರಿಸುತ್ತಿದ್ದವರು ನಂಜುಂಡಸ್ವಾಮಿ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದ ಹಾಗೆಯೇ ಹೆಲಿಕಾಪ್ಟರ್ ತನ್ನದೇ ಬಿಂಬಕ್ಕೆ ತಾಗಿತು. ಆಮೇಲೆ ಬರೀ ನೀರು. ನಿಮ್ಮವರನ್ನು ಮೀನುಗಾರರು ಎಳೆದು ತಂದರು. ವಿನ್ಸೆಂಟ್ ಬೆಲ್ಟ್ ಬಿಚ್ಚಲಾಗದೆ...

ವಿಚಾರಣೆಯಲ್ಲಿ ನಂಜುಂಡಸ್ವಾಮಿ ಹೇಳಿದರು: ಕ್ಯಾಪ್ಟನ್ ಹೇಳಿದ್ದಕ್ಕೇ ಇಳಿಸಿದೆ, ದಡದಲ್ಲಿ ಶೀಟಿತ್ತು, ಅದು ಅವರ ಮನೆಯವರ ಸಂಕೇತ. ಹೌದೇ ಎಂದು ಅಧಿಕಾರಿ ನನ್ನನ್ನು ಕೇಳಿದರು. "ನೋ ಸರ್. ಊಟಕ್ಕೆ ಕೂರೋಕೆ ಹಾಸಿದ್ವಿ, ಅಷ್ಟೆ." ಬಿಳಿ ಸೀರೆಯ ವಿಧವೆ, ಕಾನ್ವೆಂಟಿನ ಇಂಗ್ಲಿಷ್ — ನಂಬಿದರು. ತಪ್ಪೆಲ್ಲ ಕೋ-ಪೈಲಟ್‌ನದಾಯಿತು. ಮತ್ತೆ ಯಾರೂ ಅವರಿಗೆ ಹಾರಿಸಲು ಕೊಡಲಿಲ್ಲ. ಸ್ಕೂಲ್ ವ್ಯಾನ್ ಓಡಿಸುತ್ತ ಮುದುಕರಾದರು. ವಿನ್ಸೆಂಟರ ಹೆಸರು ಉಳಿಸಲು ಹಾಗೆ ಹೇಳಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದೂ ಸುಳ್ಳು. ಉಳಿಸಿಕೊಂಡದ್ದು ನನ್ನನ್ನೇ. ಪ್ರತಿ ಲೆಂಟ್ ಉಪವಾಸದ ಕಾಲದಲ್ಲೂ ಪಾದ್ರಿಗಳ ಹತ್ತಿರ ಕನ್ಫೆಶನ್‌ಗೆ ಹೋಗಿ ಗಾಸಿಪ್, ಸಿಟ್ಟು, ಹೊಟ್ಟೆಕಿಚ್ಚು ಎಲ್ಲ ಹೇಳಿದ್ದೇನೆ. ಇದನ್ನು ಮಾತ್ರ —

ಹೋದ ತಿಂಗಳು ನಂಜುಂಡಸ್ವಾಮಿಯವರು ತೀರಿಕೊಂಡರೆಂದು ಕೇಳಿ ನಿಮ್ಮ ವಿದ್ಯಾರಣ್ಯಪುರಂ ಮನೆಗೆ ಬಂದದ್ದು ಹೇಳಿಬಿಡಲೆಂದೇ. ಬಾಗಿಲಲ್ಲೇ ನೀವು ನನ್ನ ಎರಡೂ ಕೈ ಹಿಡಿದುಕೊಂಡಿರಿ.

"ನೀವು ದೊಡ್ ಮನಸ್ಸಿನೋರು ಕಣಮ್ಮ, ಎಲ್ಲ ಮರ್ತು ಬಂದ್ಬುಟ್ರಿ. ಅವ್ರು ಕೊನೆವರ್ಗೂ ನಾನಲ್ಲ, ನಾನಲ್ಲ ಅಂತಿದ್ರು. ಕಟ್ಕೊಂಡ ನಾನೇ ನಂಬ್ಲಿಲ್ಲ. ಅವ್ರನ್ನ ಕ್ಷಮಿಸ್ಬುಡಿ."

"ಕ್ಷಮಿಸಿದ್ದೀನಿ" ಎಂದೆ. ನೀವು ಕೊಟ್ಟ ಕಾಫಿಯನ್ನೂ ಕುಡಿದೆ.

ಭಾನುವಾರ ಮತ್ತೆ ಬರುತ್ತೇನೆ. ನಿಮ್ಮ ಮಕ್ಕಳು, ಅಕ್ಕಪಕ್ಕದವರು ಎಲ್ಲರೂ ಇರಲಿ, ಅವರೆದುರಿಗೇ ಹೇಳುತ್ತೇನೆ. ನೀವು ನಂಬುತ್ತೀರಿ. ಹಾಗೆ ನೀವು ನಂಬುವುದನ್ನು ನೋಡಬೇಕಿದ್ದ ಒಬ್ಬರೇ ಒಬ್ಬರು ಅಲ್ಲಿರುವುದಿಲ್ಲ.